ಜುಲ್ಫಿಕಾರನ ಬರಿಗೈ ಪ್ರತಾಪ

ಕೈಗೆ ಗ್ಲೌಸ್ ಹಾಕಿಕೊಂಡು ಕೆಲಸ ಮಾಡುವವರನ್ನು ಕಂಡರೆ ಕಮರಿಪೇಟೆಯ ಸ್ಕೂಟರ್ ಮೆಕ್ಯಾನಿಕ್ ಜುಲ್ಫಿಕಾರನಿಗೆ ಮೈಯೆಲ್ಲ ಉರಿಯುತ್ತಿತ್ತು. ಇಂಜಿನ್ನಿನ ಬೇನೆಯನ್ನು ಬೆರಳ ತುದಿಯಲ್ಲೇ ಕಂಡುಹಿಡಿಯುವ ಮಹಾವೈದ್ಯ ತಾನು ಎಂಬುದು ಅವನ ದೃಢ ನಂಬಿಕೆ. (ಗಿರಾಕಿಗಳ ನಂಬಿಕೆ ಅಷ್ಟು ದೃಢವಾಗಿರಲಿಲ್ಲ, ಆ ಮಾತು ಬೇರೆ.) ಆ ಬೆರಳುಗಳಿಗೆ ಇನ್ನೊಂದು ವಿದ್ಯೆಯೂ ಬರುತ್ತಿತ್ತು. ತಂಬಾಕಿನ ಚಿಟಿಕೆಯನ್ನು ಯಾರಿಗೂ ಕಾಣದಂತೆ ಕೆಳತುಟಿಯೊಳಗೆ ಸೇರಿಸುವ ವಿದ್ಯೆ. ಇನ್ನು ತಂಬಾಕು ಮುಟ್ಟುವುದಿಲ್ಲವೆಂದು ಹೆಂಡತಿ ರುಕ್ಸಾನಾಳ ಎದುರು, ಆರು ವರ್ಷದ ಮಗಳು ಗುಲ್ನಾಜಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದ್ದ. ಅಂದಿನಿಂದ ಮನೆಯಲ್ಲಿ ಮುಟ್ಟಿರಲೂ ಇಲ್ಲ.

ಈಗ ಅದೇ ತಲೆ ಒಡೆದಿತ್ತು. ಉಣಕಲ್ಲಿನ ಅಕ್ಕನ ಮನೆಗೆ ಹೊರಟ ರುಕ್ಸಾನಾ "ಹುಡುಗಿ ಮ್ಯಾಲ ಕಣ್ಣಿರ್ಲಿ" ಎಂದು ಮಗಳನ್ನು ಗ್ಯಾರೇಜಿನಲ್ಲಿ ಬಿಟ್ಟಿದ್ದಳು. ಅವನ ಕಣ್ಣು ಸೈಲೆನ್ಸರಿನ ಮೇಲಿತ್ತು. ಸೀಟಿನ ಮೇಲೆ ನಿಂತು ಕುಣಿಯುತ್ತಿದ್ದ ಹುಡುಗಿ ನಟ್ಟು ತಿರುಗಿಸುವ ಪಾನಾಗಳ ಪೆಟ್ಟಿಗೆಯ ಮೇಲೆ ಬಿದ್ದು, ಕೂದಲಂಚಿನಲ್ಲಿ ಹಣೆ ಸೀಳಿತು. ಅವಳನ್ನೆತ್ತಿಕೊಂಡು ದೇಶಪಾಂಡೆ ನಗರದ ಡಾಕ್ಟರ್ ಸುಜಾತಾರ ದವಾಖಾನೆ ಮುಟ್ಟುವಷ್ಟರಲ್ಲಿ ಜುಲ್ಫಿಕಾರನ ಜೀವ ಬಾಯಿಗೆ ಬಂದಿತ್ತು.

"ಹೊಲಿಗಿ ಹಾಕಬೇಕ್ರಿ" ಎಂದರು ಡಾಕ್ಟರು.

"ಸೂಜಿ ಬ್ಯಾಡ ಅಬ್ಬಾ!" ಗುಲ್ನಾಜ ಚೀರಿದಳು.

"ಗಾಯ ಮರಗಟ್ಟಸಾಕ ಇಂಜೆಕ್ಷನ್ ಕೊಡೂದಿಲ್ಲವ್ವಾ. ಈ ಜೆಲ್ ಹಚ್ಚಿ ಅರ್ಧಾ ತಾಸು ಬಿಟ್ರ, ಹೊಲದದ್ದೂ ಗೊತ್ತಾಗೂದಿಲ್ಲ." ಅವರು ಜೆಲ್ ಮೆತ್ತಿದ ಹತ್ತಿಯನ್ನು ಗಾಯದ ಮೇಲಿಟ್ಟು ಅವನತ್ತ ತಿರುಗಿದರು. "ನೀವು ಇದನ್ನ ಒತ್ತಿ ಹಿಡೀರಿ. ಗ್ಲೌಸ್ ಹಾಕ್ಕೊಂಡ ಹಿಡೀಬೇಕ್ರಿ ಮತ್ತ."

ಡಾಕ್ಟರು ಆಚೆಯ ಕೋಣೆಗೆ ಹೋದದ್ದೇ ತಡ, ಗ್ಲೌಸ್ ಅವನ ಕಿಸೆಗೆ ಹೋಯಿತು. ಸ್ವಂತ ಮಗಳ ಹಣೆ ಮುಟ್ಟಲು ರಬ್ಬರಿನ ಅಪ್ಪಣೆ ಬೇಕೇ?

"ಅಬ್ಬಾ, ಖರೇನ ತ್ರಾಸ ಆಗೂದಿಲ್ಲ?"

"ನಾ ಇಲ್ಲೇ ಅದೀನಲ್ಲ ಬೇಟಾ. ಸುಮ್ನ ಕಣ್ಣ ಮುಚ್ಚು."

ಮಗಳು ಕಣ್ಣು ಮುಚ್ಚಿದಳು. ಅವನ ಎದೆ ಮಾತ್ರ ಡವಗುಟ್ಟುತ್ತಲೇ ಇತ್ತು. ಇಂಥ ಹೊತ್ತಿಗೆ ಒಂದೇ ಔಷಧ. ಹತ್ತಿಯನ್ನು ಎಡಗೈಗೆ ದಾಟಿಸಿ, ಜೆಲ್ ಅಂಟಿದ ಬಲಗೈಯಿಂದ ಡಬ್ಬಿ ತೆಗೆದು, ಚಿಟಿಕೆ ತಂಬಾಕನ್ನು ತುಟಿಯೊಳಗೆ ಒತ್ತಿದ. ಹಾಯೆನಿಸಿತು.

ಸ್ವಲ್ಪ ಹೊತ್ತಿಗೆ ಬೆರಳು ಜುಮುಜುಮು ಎಂದವು. ಆಮೇಲೆ ಅದೂ ನಿಂತಿತು. ಚಿವುಟಿಕೊಂಡ, ಗೊತ್ತಾಗಲಿಲ್ಲ. ಜೋರಾಗಿ ಚಿವುಟಿಕೊಂಡ, ಬೇರೆ ಯಾರದೋ ಬೆರಳು! ಅವನಿಗೆ ಪಕ್ಕದಂಗಡಿಯ ಮಹಾದೇವಪ್ಪನ ನೆನಪಾಗಿ ಬೆವರಿಳಿಯಿತು. ಹೋದ ವರ್ಷ ಅವನಿಗೂ ಲಕ್ವಾ ಹೊಡೆದದ್ದು ಹೀಗೇ: ಮೊದಲು ಬೆರಳು, ಆಮೇಲೆ ಬಾಯಿ. ಜುಲ್ಫಿಕಾರ ಹೆದರುತ್ತಲೇ ತುಟಿ ಕಚ್ಚಿ ನೋಡಿದ. ತುಟಿಯೂ ಇರಲಿಲ್ಲ.

ಬೆರಳು ಹೋದರೆ ಗ್ಯಾರೇಜು ಹೋಯಿತು, ಗ್ಯಾರೇಜು ಹೋದರೆ ಮನೆ ನಡೆಯುವುದು ಹೇಗೆ? ಆದರೆ ಈಗ ಕೂಗಿಕೊಂಡರೆ ಮಗಳು ಹೆದರಿ ಎದ್ದೋಡುತ್ತಾಳೆ. ಹೊಲಿಗೆ ಮುಗಿಯುವವರೆಗೆ ಸತ್ತರೂ ಬಾಯಿ ಬಿಡಬಾರದೆಂದು ನಿರ್ಧರಿಸಿದ. ಪಾಪ, ಆ ಗಳಿಗೆಯಲ್ಲಿ ಅವನು ನಿಜವಾಗಿಯೂ ದೊಡ್ಡ ಮನುಷ್ಯನಾಗಿದ್ದ.

ಡಾಕ್ಟರು ಬಂದು ಹೊಲಿಗೆ ಶುರುಮಾಡಿದರು. ಅವರ ಹಿಂದೆಯೇ, ಫೋನಿನಲ್ಲಿ ಸುದ್ದಿ ಕೇಳಿ ಓಡಿಬಂದ ರುಕ್ಸಾನಾ ಏದುಸಿರು ಬಿಡುತ್ತ ನುಗ್ಗಿದಳು.

"ಕಣ್ಣಿಡ್ರಿ ಅಂದಿದ್ನಿಲ್ರಿ? ಎಲ್ಲಿಟ್ಟಿದ್ರಿ ಕಣ್ಣ? ಮಾತಾಡ್ರಿ! ಬಾಯಿಗಿ ಏನಾಗೇತಿ?"

ಬಾಯಿಗೆ ಏನಾಗಿದೆಯೆಂದು ಹೇಳುವ ಸ್ಥಿತಿಯಲ್ಲಿ ಅವನಿರಲಿಲ್ಲ. ಸುಮ್ಮನೆ ಕಣ್ಣೀರು ತುಂಬಿಕೊಂಡು ಮಗಳನ್ನು ನೋಡುತ್ತಿದ್ದ.

"ಮುಗೀತು" ಎಂದರು ಡಾಕ್ಟರು. "ಹೊಲದ್ರೇನು?" ಎಂದು ಗುಲ್ನಾಜ ಕೇಳಿದಳು.

ಜುಲ್ಫಿಕಾರ ಕುರ್ಚಿಗೆ ಕುಸಿದ. "ಲಕ್ವಾ ಹೊಡೀತು ರುಕ್ಸಾನಾ," ತೊದಲಿದ. "ಬೆರಳ ಹೋದ್ವು, ಬಾಯಿ ಹೋತು. ಗ್ಯಾರೇಜ ಮಾತ್ರ ನಿಮ್ಮಣ್ಣನ ಕೈಯಾಗ ಕೊಡಬ್ಯಾಡ."

ರುಕ್ಸಾನಾಳ ಸಿಟ್ಟು ಇಳಿದೇಹೋಯಿತು. "ಯಾ ಅಲ್ಲಾ!" ಎಂದು ಅವನ ಕೈಯನ್ನು ಎದೆಗೊತ್ತಿಕೊಂಡಳು. ಡಾಕ್ಟರು ಕೈ ಎತ್ತಿಸಿದರು, ನಗಿಸಿದರು, ನಡೆಸಿದರು. ಆಮೇಲೆ ಅವನ ಕಿಸೆಯಿಂದ ಇಣುಕುತ್ತಿದ್ದ ಗ್ಲೌಸನ್ನು ನೋಡಿದರು.

"ಲಕ್ವಾ ಇಲ್ಲ, ಏನಿಲ್ಲ. ನಿಮ್ಮ ಬೆರಳ ತುಂಬ ಸೀಳು ಅದಾವು, ಜೆಲ್ ಅದರಾಗ ಇಳದೈತಿ. ಸ್ವಲ್ಪ ಹೊತ್ತಿಗೆ ಸರಿಹೋಗ್ತೈತಿ."

ರುಕ್ಸಾನಾ ಕಣ್ಣೊರೆಸಿಕೊಂಡು ನಕ್ಕಳು. ನಗುತ್ತಿದ್ದವಳು ನಡುವೆಯೇ ನಿಲ್ಲಿಸಿದಳು.

"ಬೆರಳಿಂದ ತಿಳೀತ್ರಿ ಡಾಕ್ಟರ. ತುಟಿ ಯಾಕ ಮರಗಟ್ಟೇತ್ರಿ?"

"ಅದೇ ಬೆರಳ ಬಾಯಾಗ ಹಾಕಿರಬೇಕು."

ಜುಲ್ಫಿಕಾರ ಚಾವಣಿಯ ಪಂಖಾ ನೋಡತೊಡಗಿದ.

"ಅಬ್ಬಾ ತಂಬಾಕ ಇಟ್ಕೊಂಡ್ರು," ಗುಲ್ನಾಜ ಸಹಾಯಕ್ಕೆ ಬಂದಳು. "ನಾ ಒಂದ ಕಣ್ಣ ತಗದ ನೋಡಿದ್ನಿ."

ರುಕ್ಸಾನಾ ಅವನ ಕೈಯನ್ನು ಮೆಲ್ಲಗೆ ಬಿಟ್ಟಳು. ಆ ನೋಟಕ್ಕೆ ಹೆದರಿದ ಜುಲ್ಫಿಕಾರ ರೂಢಿಯಂತೆ ಮಗಳ ಕಡೆ ಕೈ ಚಾಚಿದ. "ಇನ್ನ ಮ್ಯಾಲ ಖರೇನ ಮುಟ್ಟೂದಿಲ್ಲ. ಇಕಿ ತಲಿ ಮ್ಯಾಲ..."

ಗುಲ್ನಾಜ ಎರಡೂ ಕೈಯಿಂದ ತಲೆ ಮುಚ್ಚಿಕೊಂಡು ಹಿಂದೆ ಸರಿದಳು.

"ಬ್ಯಾಡ ಅಬ್ಬಾ! ಈಗಷ್ಟ ಹೊಲದಾರ."