ಗಂಟಿಲ್ಲದಮ್ಮನಿಗೆ ಹೊಲಿದ ಬೆಕ್ಕು

ಪಾತ್ರೆ ತೊಳೆದಿಟ್ಟೆ. ಹಾಲು ಕಾಯಿಸಿದೆ. ಯಜಮಾನರ ಅಂಗಿಗೆ ಇಸ್ತ್ರಿ ಹಾಕಿ, ಮಗಳ ಡಬ್ಬಿ ತುಂಬಿ, ಅತ್ತೆಯವರ ಮಾತ್ರೆಗಳನ್ನು ಬಣ್ಣ ನೋಡಿ ಬಟ್ಟಲಿಗೆ ಹಾಕಿ, ಒಗೆದ ಬಟ್ಟೆಯನ್ನು ಕತ್ತಲಲ್ಲೇ ತಂತಿಗೆ ಏರಿಸಿದೆ. ಸೂರ್ಯ ಇನ್ನೂ ಹಾಸಿಗೆ ಬಿಟ್ಟಿರಲಿಲ್ಲ, ಯಜಮಾನರೂ ಅಷ್ಟೇ. ಆಮೇಲೆ ಸೂಜಿಗೆ ದಾರ ಪೋಣಿಸಿ ಶಪಥ ಮಾಡಿದೆ: ಈ ಭೂಮಂಡಲದಲ್ಲಿ ಯಾರೂ ಯಾರಿಗೂ ಕೊಟ್ಟಿರದಂಥ ಧನ್ಯವಾದ ನಾನು ಕೊಡುತ್ತೇನೆ! ಕಾರ್ಡಿನ ಮೇಲೆ, ಸ್ವಂತ ಕೈಯಾರೆ ಹೊಲಿದು!

ಧನ್ಯವಾದ ಸಲ್ಲಬೇಕಾದದ್ದು ನಮ್ಮ ಕಸೂತಿ ಗುಂಪಿನ ಮೂವರಿಗೆ. ನನ್ನ ಕೈಮೂಳೆ ಮುರಿದಾಗ, ಮೂಲೆಗಳಷ್ಟೇ ಬಾಕಿಯಿದ್ದ ನನ್ನ ಮಂಚದ ಹೊದಿಕೆಯನ್ನು ಪಾಲು ಹಂಚಿಕೊಂಡು ಮುಗಿಸಿ ಪ್ರದರ್ಶನಕ್ಕೆ ಕಳಿಸಿದವರು. ಒಬ್ಬರು ನರ್ಸಮ್ಮ, ಒಬ್ಬರು ಟೀಚರು. ಮೂರನೆಯವರಿಗೆ ಗುಂಪಿನಲ್ಲಿ ಗಂಟಿಲ್ಲದಮ್ಮ ಎಂದೇ ಹೆಸರು. ನಾವು ಕಸೂತಿಯವರು ಯಾರ ಕೆಲಸ ಕೈಗೆ ಬಂದರೂ ಮೊದಲು ಮಗುಚಿ ನೋಡುತ್ತೇವೆ. ಮುಂಬದಿ ಊರಿಗೆ, ಹಿಂಬದಿ ನಮಗೆ. ಈಕೆಯ ಹಿಂಬದಿಯಲ್ಲಿ ಒಂದು ಗಂಟಿಲ್ಲ, ಒಂದು ಎಳೆ ಜೋತುಬಿದ್ದಿಲ್ಲ. ನನ್ನದೋ, ಕಾಗೆಗೂಡು.

ಪ್ರದರ್ಶನಕ್ಕೆ ಬಂದವರೆಲ್ಲ ಹೊದಿಕೆಯ ಒಂದೇ ಮೂಲೆಯ ಮುಂದೆ ಮೈಮರೆತು ನಿಂತರು. ಆಕೆಯ ಮೂಲೆ.

"ಆ ಮೂಲೆ ನಿಮ್ಮದಾ?" ಎಂದು ನನ್ನನ್ನೇ ಕೇಳಿದರು.

"ಅಲ್ಲ. ಮೂಲೆ ಬಿಟ್ಟು ಉಳಿದ ಮಂಚ ನಂದು."

"ಓಹೋ" ಎಂದು ಮತ್ತೆ ಮೂಲೆಯನ್ನೇ ನೋಡಿದರು. ಅಂದಿನಿಂದ ನನ್ನ ಹೊಟ್ಟೆಯಲ್ಲಿ ಒಲೆ ಹೊತ್ತಿಕೊಂಡಿದೆ. ಗ್ಯಾಸ್ ಖರ್ಚಿಲ್ಲ.

"ಕಾರ್ಡು ಅಂಗಡೀಲಿ ಸಿಗತ್ತಲ್ಲ, ಬೆಳಬೆಳಗ್ಗೆ ಇದೇನು?" ಯಜಮಾನರು ಎದ್ದು ಬಂದು ಆಕಳಿಸಿದರು.

"ಅಂಗಡೀಲಿ ಊಟಾನೂ ಸಿಗತ್ತೆ. ಇವತ್ತು ಅಲ್ಲೇ ಮಾಡ್ತೀರಾ?"

ಅವರು ಚಹಾ ಲೋಟದೊಳಗೆ ಮುಖ ಮರೆಸಿಕೊಂಡರು.

ನರ್ಸಮ್ಮನಿಗೆ ಅವರ ಸ್ಕೂಟರು, ಟೀಚರಿಗೆ ಅವರು ಸದಾ ಹುಡುಕುವ ಕನ್ನಡಕ ಸಲೀಸಾಗಿ ಮುಗಿದವು. ಗಂಟಿಲ್ಲದಮ್ಮನಿಗೆ ಅವರು ಸಾಕಿದ ಬೆಕ್ಕು. ಹೊಲಿದು ಮಗುಚಿದೆ. ಗಂಟೋ ಗಂಟು. ಆಕೆ ನೋಡಿ ತುಟಿಯಂಚಿನಲ್ಲಿ ನಗುವುದು ಕಣ್ಣಿಗೆ ಕಟ್ಟಿತು. ಬಿಚ್ಚಿದೆ. ಇನ್ನೂ ಒತ್ತಾಗಿ ಹೊಲಿದೆ. ಮತ್ತೆ ಗಂಟು, ಮತ್ತೆ ಬಿಚ್ಚಿದೆ. ಬಟ್ಟೆ ತವರಿನವರಂತೆ, ತಪ್ಪನ್ನು ಮರೆಯುತ್ತದೆ. ಕಾಗದ ಗಂಡನ ಮನೆಯವರಂತೆ, ಒಂದೊಂದು ತೂತನ್ನೂ ನೆನಪಿಡುತ್ತದೆ. ಮೂರನೆಯ ಸಲ ಕೊನೆಯ ಎಳೆ ಎಳೆದದ್ದೇ ತಡ, ಬೆಕ್ಕು ಅಂಚೆಚೀಟಿಯಂತೆ ತೂತಿನ ಗೆರೆಗುಂಟ ಕಿತ್ತುಕೊಂಡು ಮಡಿಲಿಗೆ ಬಿತ್ತು. ಕಾರ್ಡಿನಲ್ಲಿ ಬೆಕ್ಕಿನಾಕಾರದ ಕಿಟಕಿ. ಕಿಟಕಿಯಲ್ಲಿ ಯಜಮಾನರ ಮುಖ.

"ಸಂಜೆ ತಾನೇ ಅವರೆಲ್ಲ ಬರೋದು? ಬೇರೆ ಕಾರ್ಡಿಗೆ ನಾನು ಅಂಟಿಸ್ತೀನಿ ಬಿಡು. ಅಂಟಿಸೋಕೆ ಏನು ಮಹಾ ವಿದ್ಯೆ ಬೇಕು?"

ಮದುವೆಯಾದಂದಿನಿಂದ ಮೊದಲ ಸಲ ತಾನಾಗಿ ಕೆಲಸ ಕೇಳಿದ ಮನುಷ್ಯ. ಬೆಕ್ಕನ್ನೂ ಹೊಸ ಕಾರ್ಡನ್ನೂ ಅವರ ಕೈಗಿಟ್ಟೆ.

ಸಂಜೆ ನಾನು ಚಹಾ ಹಿಡಿದು ಹೊರಬರುವಷ್ಟರಲ್ಲಿ ಅವರೇ ಕಾರ್ಡು ಹಂಚಿಬಿಟ್ಟಿದ್ದರು. "ಇದರಲ್ಲಿ ನನ್ನ ಕೈಯೂ ಇದೆ" ಎಂಬ ಘೋಷಣೆ ಬೇರೆ. ಗಂಟಿಲ್ಲದಮ್ಮನ ಕೈಯಲ್ಲಿದ್ದ ಬೆಕ್ಕನ್ನು ನೋಡಿ ಚಹಾ ತಟ್ಟೆಯನ್ನು ಮೇಜಿಗೆ ಕುಕ್ಕಿದೆ. ಮಹಾಶಯರು ಹಿಂಬದಿ ಮೇಲೆ ಮಾಡಿ ಅಂಟಿಸಿದ್ದರು! ಗಂಟು, ಎಳೆ, ಸಿಕ್ಕು, ನನ್ನ ಮಾನ, ಎಲ್ಲವೂ ಮುಂದಕ್ಕೆ.

ಆಕೆ ಕಾರ್ಡು ಮಗುಚಿದರು. ಹಿಂದೆ ಬರೀ ರಟ್ಟು. ಮತ್ತೆ ಮುಂದೆ ತಿರುಗಿಸಿ ಬೆರಳಿನಿಂದ ಸವರಿದರು.

"ರೀ, ಈ ತುಪ್ಪಳ ಹೇಗೆ ತಂದ್ರಿ? ನಮ್ಮನೆ ಬೆಕ್ಕೇ ಮೈ ಕೊಡವಿ ಎದ್ದ ಹಾಗಿದೆ. ನಿಜ ಹೇಳ್ಲಾ? ಹೊಟ್ಟೆಕಿಚ್ಚಾಗ್ತಿದೆ ಕಣ್ರೀ. ನಾಳೆ ಬರ್ತೀನಿ, ಹೇಳಿಕೊಡಿ."

ಒಮ್ಮೆಯಾದರೂ ಕೇಳಬೇಕೆಂದು ನಾನು ಜಪಿಸುತ್ತಿದ್ದ 'ಹೊಟ್ಟೆಕಿಚ್ಚು' ಆಕೆಯ ಬಾಯಿಂದಲೇ ಬಂತು. ಅದನ್ನು ಗಳಿಸಿಕೊಟ್ಟದ್ದು ನನ್ನ ಕೊಳಕು ಗಂಟು ಮತ್ತು ಗಂಡನ ಗೋಂದು.

"ಸುಮ್ನಿರು" ಎಂದರು ಯಜಮಾನರು, ಗೆಳತಿಯರು ಹೋದ ಮೇಲೆ ನಾನು ಏನು ಹೇಳಿಕೊಡಲಿ ಎಂದು ಗೋಳಾಡಿದಾಗ. "ಗಂಟು ಹಾಕೋದು ನಿಂಗೆ ಹುಟ್ಟಿನಿಂದ ಬಂದಿರೋದು. ಹೇಳಿಕೊಡು."

ಮರುದಿನ ಎಲ್ಲರಿಗಿಂತ ಮೊದಲೆದ್ದು, ಬಟ್ಟೆಯ ತುಂಡಿನ ಮೇಲೆ ಗಂಟು ಬೀಳಲೆಂದೇ, ಹಿಂಬದಿಯ ಮೇಲೇ ಕಣ್ಣಿಟ್ಟು ಹೊಲಿದೆ. ಮಗುಚಿದರೆ ಗಾಜಿನಂತೆ ನುಣುಪು! ಇನ್ನೊಮ್ಮೆ ಹೊಲಿದೆ. ಇನ್ನೂ ನುಣುಪು. ಜನ್ಮದಲ್ಲಿ ಮೊದಲ ಸಲ ನನಗೊಂದು ಹಿಂಬದಿ ದಕ್ಕಿತ್ತು. ಆದರೆ ತುಪ್ಪಳದ ಕೀರ್ತಿ ಉಳಿಯಬೇಕೆಂದರೆ ಇದನ್ನು ಬಚ್ಚಿಡಬೇಕು. ಏನು ಮಾಡಲೆಂದು ಯಾರನ್ನಾದರೂ ಕೇಳೋಣವೆಂದರೆ ಮನೆಯೆಲ್ಲ ಗೊರಕೆ. ಬೆಳಕು ಹರಿದ ಕೂಡಲೇ ಫೋನ್ ಎತ್ತಿದೆ. ನನ್ನ ಬಾಯಲ್ಲಿ ಸತ್ಯ ಹೇಳಿಸಿದ್ದು ಸದ್ಗುಣವಲ್ಲ, ಅದೇ ಒಲೆ: ಈ ನುಣುಪನ್ನು ಆಕೆಗೇ ತೋರಿಸಬೇಕೆಂಬ ಉರಿ.

"ಅದು ತುಪ್ಪಳ ಅಲ್ಲ ರೀ. ಬೆಕ್ಕಿನ ಹಿಂಬದಿ. ನನ್ನ ಗಂಟುಗಳು."

"ಅದು ನಿನ್ನೇನೇ ಗೊತ್ತಾಯ್ತು" ಎಂದರು ಗಂಟಿಲ್ಲದಮ್ಮ. "ಅದನ್ನ ಕಲಿಯೋಕೇ ಬರ್ತಿರೋದು. ರಾತ್ರಿಯೆಲ್ಲಾ ಕೂತು ಹೊಲಿದು ನೋಡಿದೆ, ನಂಗೆ ಒಂದು ಗಂಟೂ ಬೀಳ್ತಿಲ್ಲ."

ಫೋನ್ ಇಟ್ಟು ಬಟ್ಟೆಯ ತುಂಡನ್ನು ನೋಡಿದೆ. ಇದರಿಂದ ಆಕೆಗೆ ಕಿಲುಬುಕಾಸಿನ ಉಪಯೋಗವೂ ಇಲ್ಲ. ಕಪಾಟಿಗೆ ಸೇರಿಸಲೇ ಎಂದುಕೊಂಡೆ. ಆಮೇಲೆ, ಮನೆಬಾಗಿಲು ತೆಗೆದ ಕೂಡಲೇ ಆಕೆಯ ಕಣ್ಣಿಗೆ ಬೀಳುವಂತೆ, ಮೇಜಿನ ಮೇಲೆ ಮಗುಚಿ ಇಟ್ಟೆ.