ಅಂತಿಮ ಪಟ್ಟಿಯಲ್ಲಿ ಡೆಸ್ಮಂಡ್

ಸುದ್ದಿಯನ್ನು ಮನಸ್ಸಿನಲ್ಲೇ ಇಟ್ಟುಕೊಂಡಿದ್ದರೆ ಡೆಸ್ಮಂಡ್ ಆರ್ಮರಾಡ್‌ನ ಆ ಗುರುವಾರ ಸುಖವಾಗಿ ಕಳೆದುಹೋಗುತ್ತಿತ್ತು. ಆದರೆ ಬೆಳಗ್ಗೆ ಎಂಟೂವರೆಗೆ, ಒಂದು ಕೈಯಲ್ಲಿ ತುಂಬಿದ ಬೆಡ್‌ಪ್ಯಾನು, ಇನ್ನೊಂದರಲ್ಲಿ ಫೋನು ಹಿಡಿದು ವಾರ್ಡಿನ ನಟ್ಟನಡುವೆ ನಿಂತವನು, "ಅಯ್ಯೋ ದೇವ್ರೇ!" ಎಂದು ಕೂಗಿಬಿಟ್ಟ.

"ಚೆಲ್ಲಿದ್ಯಾ?" ಎಂದು ವಾರ್ಡು ಗುಡಿಸುವ ಮೌರೀನ್ ಪೊರಕೆ ಹಿಡಿದು ಓಡಿಬಂದಳು.

"ಇಲ್ಲ ಮೌರೀನ್. ವರ್ಷದ ದಯಾಳು ವಿದ್ಯಾರ್ಥಿ ನರ್ಸ್ ಅಂತ ಪ್ರಶಸ್ತಿ ಕೊಡ್ತಾರಲ್ಲ, ಅದರ ಕೊನೇ ಪಟ್ಟೀಲಿ ನನ್ ಹೆಸ್ರಿದೆ. ಐದೇ ಜನ ಅಂತೆ. ಸಂಜೆ ನಾಕಕ್ಕೆ ವಿಡಿಯೊದಲ್ಲಿ ಸಂದರ್ಶನ."

ಮೌರೀನ್‌ಗೆ ಹೇಳುವುದೂ ಒಂದೇ, ಚರ್ಚಿನ ಗಂಟೆ ಬಾರಿಸುವುದೂ ಒಂದೇ.

ಹದಿನಾಲ್ಕು ವರ್ಷ ಬಸ್ಸು ಓಡಿಸಿ, ನಲವತ್ತು ಹತ್ತಿರವಾದಾಗ ನರ್ಸಿಂಗ್ ಸೇರಿದವನು ಡೆಸ್ಮಂಡ್. ತರಗತಿಯಲ್ಲಿ ಹತ್ತೊಂಬತ್ತರ ಹುಡುಗಿಯರ ನಡುವೆ ಅವನು ಕೋಳಿಮರಿಗಳ ಮಧ್ಯೆ ಮಲಗಿದ ಎಮ್ಮೆಯಂತೆ ಕಾಣುತ್ತಿದ್ದ. ಔಷಧಿ ಲೆಕ್ಕದ ಪರೀಕ್ಷೆಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ. ಜೀವಮಾನದಲ್ಲಿ ಗೆದ್ದದ್ದು ಬಸ್ ಡಿಪೋದ ಲಾಟರಿಯಲ್ಲಿ ಬಂದ ಒಂದು ಡಬ್ಬಿ ಟಾಲ್ಕಂ ಪೌಡರು ಮಾತ್ರ. ಈ ಪ್ರಶಸ್ತಿ ಬಂದರೆ, 'ಇದ್ದ ಕೆಲ್ಸ ಬಿಟ್ಟು ಈ ವಯಸ್ಸಲ್ಲಿ ಇದ್ಯಾಕೋ ನಿಂಗೆ?' ಎನ್ನುವ ಬಾಯಿಗಳೆಲ್ಲ ಒಂದೇ ಏಟಿಗೆ ಮುಚ್ಚುತ್ತಿದ್ದವು.

ತನ್ನ ಹೆಸರು ಸೂಚಿಸಿದವರು ಯಾರೆಂದು ಫೋನಿಗೆ ಬಂದ ಪತ್ರದಲ್ಲಿರಲಿಲ್ಲ. ವಾರ್ಡಿನ ಮುಖ್ಯಸ್ಥೆ ಸಿಸ್ಟರ್ ಗ್ಲೆನಿಸ್ ಇರಬೇಕೆಂದು ಹೋಗಿ ಕೈ ಮುಗಿಯುವುದೊಂದು ಬಾಕಿ, ಕೃತಜ್ಞತೆ ಹೇಳಿದ. ಸಿಸ್ಟರ್‌ಗೆ ತಲೆಬುಡ ತಿಳಿಯಲಿಲ್ಲ. ಆದರೆ ತಾನಾಗಿ ಬಂದ ಕೃತಜ್ಞತೆಯನ್ನು ವಾಪಸ್ಸು ಕಳಿಸುವ ಜಾಯಮಾನ ಅವಳದಲ್ಲ. "ಇರ್ಲಿ ಬಿಡಪ್ಪಾ" ಎಂದಳು.

ಒಂಬತ್ತಕ್ಕೆಲ್ಲ ವಾರ್ಡಿನ ಕರೆಗಂಟೆಗಳು ಒಟ್ಟಿಗೆ ಹೊಡೆದುಕೊಳ್ಳತೊಡಗಿದವು. "ಆ ದಯಾಳು ಹುಡುಗನ್ನೇ ಕಳ್ಸಿ!" ಒಬ್ಬರಿಗೆ ದಿಂಬು ತಟ್ಟಬೇಕು, ಇನ್ನೊಬ್ಬರಿಗೆ ಪದಬಂಧ ತುಂಬಿಸಬೇಕು, ಮೂಲೆಯ ಅಜ್ಜನಿಗೆ ಚಹಾದಲ್ಲಿ ಬಿಸ್ಕತ್ತು ಮುಳುಗಿಸಿ ಕೊಡಬೇಕು, ಅದು ಕರಗುವ ಮುಂಚೆಯೇ ಬಾಯಿಗಿಡಬೇಕು. ಉಳಿದ ನರ್ಸುಗಳು, "ಹೋಗ್ಲಿ ಬಿಡಿ, ಅಭ್ಯಾಸ ಆಗ್ಲಿ" ಎಂದು ಕೂತು ಚಹಾ ಕುಡಿದರು.

ಮಧ್ಯಾಹ್ನ ಊಟದ ಗಾಡಿ ತಳ್ಳುತ್ತ ಮೌರೀನ್ ಕೇಳಿದಳು. "ನರ್ಸ್ ಆಗಿದ್ಯಾಕೆ ಅಂತ ಕೇಳೇ ಕೇಳ್ತಾರೆ ಚಿನ್ನಾ. ಏನಂತೀಯಾ?"

ಡೆಸ್ಮಂಡ್ ಸ್ವಲ್ಪ ನಾಚಿಕೊಂಡ. "ನಾಕನೇ ನಂಬರ್ ಬಸ್ಸಲ್ಲಿ ಒಬ್ರಿಗೆ ಎದೆನೋವು ಬಂತು. ಬಸ್ ನಿಲ್ಸಿ, ಆಂಬುಲೆನ್ಸ್ ಬರೋವರ್ಗೂ ಕೈ ಹಿಡ್ಕೊಂಡು ಕೂತಿದ್ದೆ. ಹದಿನಾಕು ವರ್ಷ ಓಡ್ಸಿದ್ದಕ್ಕಿಂತ ಅವತ್ತು ನಿಲ್ಸಿದ್ದೇ ಒಳ್ಳೇ ಕೆಲ್ಸ ಅನ್ನಿಸ್ತು. ಅಷ್ಟೇ."

"ಆಮೇಲೆ ಸತ್ರಾ?" ಎಂದರು ಸೊಂಟ ಮುರಿದು ಮಲಗಿದ್ದ ನಿವೃತ್ತ ಹೆಡ್‌ಮಾಸ್ಟರ್ ಥ್ರೆಲ್‌ಫಾಲ್, ಆಸೆಯಿಂದ.

"ಇಲ್ಲ ಸಾರ್, ಚೆನ್ನಾಗಿದಾರೆ."

"ಛೆ! ಹೋಯ್ತು ಕತೆ. ಇದಕ್ಕೆ ನಾನಾದ್ರೆ ಹತ್ತಕ್ಕೆ ಮೂರು ಕೊಡ್ತೀನಿ. ಯಾರಾದ್ರೂ ಸಾಯ್ಬೇಕಪ್ಪಾ. ಅಜ್ಜಿ ಇದಾರಾ?"

"ಇದಾರೆ ಸಾರ್. ಎಂಬತ್ತೆಂಟು. ಗುರುವಾರ ಅಂದ್ರೆ ಬಿಂಗೊ ಆಡಕ್ಕೆ ಹೋಗಿರ್ತಾರೆ."

"ಹಾಗಾದ್ರೆ ಅರ್ಧ ಗಂಟೆ ಮಟ್ಟಿಗೆ ಸಾಯ್ಸೋಣ. ಬಿಂಗೊ ಮುಗ್ಸಿ ಮನೇಗ್ ಬರೋಷ್ಟ್ರಲ್ಲಿ ಬದುಕಿರ್ತಾರೆ."

"ಸಾಕಿ ಸಲಹಿದ ಅಜ್ಜಿ ಸಾರ್!"

"ಅದಕ್ಕೇ ಕಣಪ್ಪಾ! ಸಾಕದೇ ಇರೋ ಅಜ್ಜಿ ಸತ್ರೆ ಯಾರು ಅಳ್ತಾರೆ?"

ಸಿಸ್ಟರ್ ಗ್ಲೆನಿಸ್ ಕೊನೆಯುಸಿರಿನ ವೈದ್ಯಕೀಯ ವಿವರ ಒದಗಿಸಿದಳು. ಮೇಷ್ಟರು ಮಾತು ಬರೆಸಿದರು. ಮೌರೀನ್ ಅದನ್ನು ಕೇಳಿ ಎಷ್ಟು ಅತ್ತಳೆಂದರೆ, ಕಣ್ಣು ಮಂಜಾಗಿ ಒಂದು ಜಗ್ ಕಸ್ಟರ್ಡನ್ನು ಡೆಸ್ಮಂಡನ ಎದೆಯ ಮೇಲೆ ಸುರಿದಳು. ಬೇರೆ ಸಮವಸ್ತ್ರ ಸಿಕ್ಕಿದ್ದು ಸಣಕಲು ಸಹಪಾಠಿಯೊಬ್ಬಳದು. ಅದರೊಳಗೆ ಅವನು ದಿಂಬಿನ ಚೀಲಕ್ಕೆ ತುರುಕಿದ ಹಾಸಿಗೆಯಂತಾದ.

ನಾಲ್ಕಕ್ಕೆ ಸಿಸ್ಟರ್ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಡೆಸ್ಮಂಡ್ ಕೂತ. ಬಾಗಿಲ ಸಂದಿಯಲ್ಲಿ ಸಿಸ್ಟರ್, ಅವಳ ಪಕ್ಕ ಗಾಲಿಕುರ್ಚಿಯಲ್ಲಿ ಮೇಷ್ಟರು. ಮೇಜಿನ ಕೆಳಗೆ ಮೌರೀನ್; ಅಳುವ ಜಾಗ ಬಂದಾಗ ಮೀನಖಂಡ ಚಿವುಟುವ ಜವಾಬ್ದಾರಿ ಅವಳದು. ಪರದೆಯ ಮೇಲೆ ಮೂವರು ತೀರ್ಪುಗಾರರು ಮೂಡಿದರು. ಅಧ್ಯಕ್ಷೆ ಮಿಸೆಸ್ ಫ್ಯಾರಿಂಗ್ಟನ್ ನಕ್ಕು, ಕೇಳೇ ಕೇಳಿದರು.

"ನರ್ಸ್ ಆಗ್ಬೇಕು ಅಂತ ಯಾಕನ್ನಿಸ್ತು ಡೆಸ್ಮಂಡ್?"

"ನನ್ ಅಜ್ಜಿ..." ಎಂದ. ಕೆಳಗಿನಿಂದ ಮೌರೀನ್ ಚಿವುಟಿದಳು. ಕಣ್ಣಲ್ಲಿ ನಿಜವಾದ ನೀರೇ ಬಂತು. "ನಾಕು ವರ್ಷದ ಹಿಂದೆ ನನ್ ಕೈ ಹಿಡ್ಕೊಂಡೇ ಹೋಗ್ಬಿಟ್ರು ಮೇಡಂ. 'ನೀನು ನರ್ಸ್ ಆಗು ಮಗಾ' ಅಂದ್ರು. ಅದೇ ಕೊನೇ ಮಾತು." ದುಃಖದಿಂದ ದೀರ್ಘವಾಗಿ ಉಸಿರೆಳೆದ. ಎದೆಯ ಗುಂಡಿಯೊಂದು ಸಿಡಿದು ಅಧ್ಯಕ್ಷೆಯ ಮೂಗಿನ ನೇರಕ್ಕೆ ಪರದೆಗೆ ಬಡಿಯಿತು.

ಅಧ್ಯಕ್ಷೆ ಕನ್ನಡಕ ತೆಗೆದರು. ಡೆಸ್ಮಂಡ್‌ಗೆ ಗೆದ್ದೆ ಅನ್ನಿಸಿತು.

"ಅಜ್ಜಿ ಹೆಸ್ರೇನು?"

"ಐವಿ ಆರ್ಮರಾಡ್ ಮೇಡಂ. ನನ್ನ ಸಾಕಿದ್ದೇ ಅವರು."

ಅಧ್ಯಕ್ಷೆ ಮತ್ತೆ ಕನ್ನಡಕ ಹಾಕಿಕೊಂಡು ಕಾಗದ ತಿರುವಿದರು. "ವಿಚಿತ್ರ. ನಿಮ್ಮ ಹೆಸ್ರು ಸೂಚಿಸಿ ನಮಗೆ ಕಾಗದ ಬರೆದಿರೋರೂ ಐವಿ ಆರ್ಮರಾಡೇ. ಹೋದ ತಿಂಗಳು. ನ್ಯುಮೋನಿಯಾ ಆಗಿ ಜೀವ ಹೋಗ್ತಿದ್ದೋಳನ್ನ ಮೊಮ್ಮಗ ಮೂರು ವಾರ ಪಕ್ಕದಲ್ಲೇ ಕೂತು ಉಳಿಸ್ಕೊಂಡ ಅಂತ ಬರ್ದಿದಾರೆ."

ನ್ಯುಮೋನಿಯಾ? ಅಜ್ಜಿಗೆ ಒಂದು ಸೀನು ಬಂದದ್ದನ್ನೂ ಡೆಸ್ಮಂಡ್ ಕಂಡಿರಲಿಲ್ಲ.

"ಸೂಚಿಸಿದವರ ಮಾತೂ ಕೇಳೋದು ನಮ್ಮ ಪದ್ಧತಿ. ಮೊದಲಿಂದ ಕೇಳಿಸ್ಕೊಳ್ತಾನೇ ಇದಾರೆ. ಮಿಸೆಸ್ ಆರ್ಮರಾಡ್, ಬನ್ನಿ."

ಪರದೆಯಲ್ಲಿ ನಾಲ್ಕನೆಯ ಚೌಕ ಬೆಳಗಿತು. ಹೂವಿನ ಟೋಪಿ ಇಟ್ಟ ಅಜ್ಜಿ ಬಿಂಗೊಗೆ ಚಕ್ಕರ್ ಹೊಡೆದು ಕೂತಿದ್ದಳು. ಪಕ್ಕದಲ್ಲಿ ಫೋನು ಹಿಡಿದಿದ್ದವಳು ನೆರೆಮನೆಯ ಬೆರಿಲ್.

"ನಾನು ಯಾವಾಗ ಸತ್ನೋ, ಮುಂಡೇದೇ?" ಎಂದಳು ಅಜ್ಜಿ.

"ನಿಂಗೆ ನ್ಯುಮೋನಿಯಾ ಬಂದಿದ್ದು ಯಾವಾಗಜ್ಜಿ?"

ಅಜ್ಜಿ ಬೆರಿಲ್‌ಳ ಮುಖ ನೋಡಿದಳು. "ಇವ್ಳೇ ಕಣೋ ಬರೆಸಿದ್ದು. ಒಳ್ಳೇ ಹುಡುಗ ಅಂತಷ್ಟೇ ಬರೆದ್ರೆ ಯಾರೂ ಓದಲ್ಲ ಅಂದ್ಲು."

ಬಾಗಿಲ ಸಂದಿಯಲ್ಲಿ ಗಾಲಿಕುರ್ಚಿ ಸದ್ದಿಲ್ಲದೆ ಹಿಂದಕ್ಕೆ ಸರಿಯಿತು.

"ಅಜ್ಜೀನ ಉಳ್ಸಿದ್ದೂ ಸುಳ್ಳು, ಕಳ್ಕೊಂಡಿದ್ದೂ ಸುಳ್ಳು" ಎಂದರು ಅಧ್ಯಕ್ಷೆ. "ಪ್ರಶಸ್ತಿ ಯಾವುದಕ್ಕೆ ಕೊಡೋಣ ನೀವೇ ಹೇಳಿ." ಪಟ್ಟಿಯಲ್ಲಿ ಒಂದು ಗೆರೆ ಎಳೆದು, ನಮಸ್ಕಾರ ಹೇಳಿ ಮಾಯವಾದರು. ಮೌರೀನ್‌ಗೆ ಮೇಲೆ ನಡೆದದ್ದೊಂದೂ ಅರ್ಥವಾಗಿರಲಿಲ್ಲ. ನಿಯತ್ತಾಗಿ ಇನ್ನೊಮ್ಮೆ ಚಿವುಟಿದಳು.

ಡೆಸ್ಮಂಡ್ ಹೋಗಿ ಬೆಡ್‌ಪ್ಯಾನುಗಳನ್ನು ತೊಳೆಯುತ್ತ ನಿಂತ. ಕಾಲು ಗಂಟೆಯಲ್ಲಿ ವಾರ್ಡಿನ ಫೋನು ಹೊಡೆದುಕೊಂಡಿತು. ಅಜ್ಜಿ.

"ತಪ್ಪಾಯ್ತು ಅಜ್ಜಿ" ಎಂದ.

"ಪ್ರಶಸ್ತಿ ಹಾಳಾಗ್ಲಿ ಬಿಡೋ. ಬೆರಿಲ್ ಒಂದೇ ಸಮ ಕೇಳ್ತಾ ಇದಾಳೆ, ನಂಗೂ ತಿಳ್ಕೋಬೇಕು. ನನ್ನ ಮಣ್ಣಿಗೆ ಜನ ಎಷ್ಟು ಬಂದಿದ್ರು? ಬಂದೋರ್ಗೆ ಹ್ಯಾಮ್ ಸ್ಯಾಂಡ್‌ವಿಚ್ ಇಟ್ಟಿದ್ಯೋ, ಬರೀ ಚಹಾದಲ್ಲೇ ಸಾಗಹಾಕ್ದ್ಯೋ?"