ಪಾಲಿನ ಅಧ್ಯಾಯಕ್ಕೆ ಹಚ್ಚಿದ ಮೈದಾ ಅಂಟು

ರಾಯದುರ್ಗದ ನಮ್ಮ ಗ್ರಂಥಾಲಯದಲ್ಲಿ ಕತೆ ಪುಸ್ತಕ ತೆಗೆದವರನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ; ಕಾನೂನಿನ ಬೀರು ತೆರೆದರೆ ಮಾತ್ರ, ಯಾರ ಮೇಲೆ ಕೇಸು ಹಾಕುತ್ತಾರೋ ಎಂಬ ಸಂಶಯಕ್ಕೆ ಎಲ್ಲರ ಕಿವಿ ನಿಮಿರುತ್ತದೆ. ಅಲ್ಲಿ ಅಟೆಂಡರ್ ಆಗಿರುವ ನನಗೆ ಇಂಥ ಪ್ರಸಂಗ ವಾರಕ್ಕೊಂದಾದರೂ ತಪ್ಪಿದ್ದಲ್ಲ. ಕಡೆಗೆ ಆ ಸಂಶಯ ನಮ್ಮ ಮನೆಗೂ ಬಂತು. ನಾನೂ ತಮ್ಮನೂ ಇನ್ನೂ ಒಂದೇ ಒಲೆಯವರು. ಆ ಒಲೆ ಎರಡಾಗದಿರಲಿ ಎಂದೇ ನಾನು ದಿನಾ ಶಿವನಿಗೆ ಕೈಮುಗಿಯುವುದು.

೧. ಬೀರು ಬಂತು

ವಯಸ್ಸಾದ ವಕೀಲರೊಬ್ಬರು ಕೋರ್ಟಿಗೆ ಹೋಗುವುದನ್ನು ಬಿಟ್ಟು, ತಮ್ಮ ಪುಸ್ತಕಗಳನ್ನೆಲ್ಲ ಬೀರು ಸಮೇತ ನಮಗೆ ಕೊಟ್ಟರು. ನಾನು ಬೀರುವಿಗೆ ವಿಭೂತಿ ಹಚ್ಚಿ ಊದುಬತ್ತಿ ಬೆಳಗಿದೆ. ಪುಸ್ತಕ ತೆಗೆದವರು ರಿಜಿಸ್ಟರಿನಲ್ಲಿ ಹೆಸರು ಬರೆಯಲೇಬೇಕೆಂದು ಮಡಕಶಿರಾ ಕಡೆಯಿಂದ ಬಂದ ನಮ್ಮ ಲೈಬ್ರರಿಯನ್ ಮೇಡಂ ನಿಯಮ ಮಾಡಿದರು. ಮೊದಲ ವಾರ ಹತ್ತಾರು ಜನ ಬಂದರು. ಒಬ್ಬರೂ ಪುಸ್ತಕ ಮುಟ್ಟಲಿಲ್ಲ. ರಿಜಿಸ್ಟರ್ ಓದಿಕೊಂಡು ಹೋದರು.

೨. ಹೆಸರು

ಕಿರಾಣಿ ಅಂಗಡಿಯವರೊಬ್ಬರು ದಾರಿ ಹಕ್ಕಿನ ಪುಸ್ತಕ ಕೇಳಿದರು. ಹೆಸರು ಬರೆಯಲು ಮಾತ್ರ ಒಲ್ಲರು.

"ನಮ್ಮ ಪಕ್ಕದ ಮನಿಯವ ದಿನಾ ಬಂದು ಈ ರಿಜಿಸ್ಟರ್ ನೋಡ್ತಾನ್ರಿ."

"ಹೆಸರಿಲ್ದ ಕೊಡಂಗಿಲ್ರಿ" ಎಂದೆ.

ಬಹಳ ಹೊತ್ತು ಯೋಚಿಸಿ ಬರೆದರು. ಅವರು ಹೋದ ಮೇಲೆ ನೋಡಿದರೆ, ಪಕ್ಕದ ಮನೆಯವರ ಹೆಸರು! ಸಂಜೆ ಆ ಪಕ್ಕದ ಮನೆಯವರೇ ಬಂದು ಪುಟ ತಿರುವಿದರು. ನಾನು ಕ್ಷಮೆ ಕೇಳಲು ಬಾಯಿ ತೆರೆದೆ. ಅವರು ಮೆಲ್ಲಗೆ, "ಜೋರು ಮಾಡಬ್ಯಾಡ್ರಿ. ಹೋದ ವಾರ ನಾ ಬರ್ದದ್ದು ಅವನ ಹೆಸರು" ಎಂದರು.

೩. ಮುದ್ರೆ

"ಹಳೇ ಕಾನೂನು, ಹೊಸ ಕಾನೂನು ಒಟ್ಟಿಗಿದ್ರೆ ಜನ ಕೆಡ್ತಾರೆ ಕಣ್ರೀ. ಹಳೇದಕ್ಕೆಲ್ಲ 'ರದ್ದು' ಅಂತ ಮುದ್ರೆ ಹೊಡೀರಿ" ಎಂದರು ಮೇಡಂ. ಹೊಡೆಯುತ್ತಾ ಕುಳಿತಿದ್ದೆ. ಗುಮ್ಮಗಟ್ಟ ಕಡೆಯ ರೈತರೊಬ್ಬರು ನೋಡಿ ಓಡಿಬಂದರು.

"ನನ್ನ ಕೇಸು ಇದ್ರಾಗ ಐತ್ರಿ! ಯಾಕ ರದ್ದು ಮಾಡಿದ್ರಿ?"

"ನಾನಲ್ರಿ, ಸರ್ಕಾರ ಹೊಸದು ತಂದೈತಿ."

"ಮುದ್ರಿ ನಿಮ್ಮ ಕೈಯಾಗ ಐತಲ್ರಿ! ನಮ್ಮ ಎದುರು ಪಾರ್ಟಿ ನಿಮಗೇನಾಗಬೇಕು?"

ಸಮಾಧಾನ ಮಾಡಿ ಚಹಾ ತರಿಸಿದೆ. ಅದನ್ನೂ ಅವರು, ನಾನು ಒಂದು ಗುಟುಕು ಕುಡಿದು ತೋರಿಸಿದ ಮೇಲೆಯೇ ಕುಡಿದರು.

೪. ನಮ್ಮ ಮನೆಯದು

ಆಸ್ತಿ ಹಕ್ಕಿನ ಪುಸ್ತಕದಲ್ಲಿ ಪಾಲಿನ ಅಧ್ಯಾಯವೊಂದೇ ಕಿತ್ತುಬಂದಿತ್ತು. ಎಲ್ಲರೂ ತಿರುವುವುದು ಅದನ್ನೇ. ಮೇಡಂ ಒಪ್ಪಿಗೆ ಪಡೆದು ಮನೆಗೆ ತಂದೆ. ಹಳ್ಳಿ ಶಾಲೆಯಲ್ಲಿ ಕಲಿತಂತೆ ಮೈದಾ ಅಂಟು ಕಾಸಿ, ಧಾರಾಳವಾಗಿ ಹಚ್ಚಿ, ಮೇಲೆ ರುಬ್ಬುಗುಂಡು ಇಟ್ಟೆ. ಮರುದಿನ ಪೂಜೆ ಮುಗಿಸಿ ಬಂದರೆ ತಮ್ಮ ಅದರ ಮುಂದೆ ಕುಳಿತಿದ್ದಾನೆ.

"ಅಣ್ಣಾ, ಪಾಲು ಬೇಕಂದ್ರ ಬಾಯಿಬಿಟ್ಟು ಕೇಳು. ಕದ್ದು ಯಾಕ ಓದ್ತಿ?"

"ಓದಿಲ್ಲೋ, ಅಂಟಿಸೀನಿ."

ತೆರೆದು ನೋಡಿದೆವು. ಹಿಂದಿನ ಹಾಳೆಗಳು ಬಿಚ್ಚಿದವು, ಮುಂದಿನವೂ ಬಿಚ್ಚಿದವು. ಪಾಲಿನ ಅಧ್ಯಾಯ ಮಾತ್ರ ಹಲಗೆಯಂತೆ ಗಟ್ಟಿ.

"ನನ್ನ ಪಾಲಿನ ಹಾಳಿ ಅಷ್ಟಾ ಹೆಂಗ ಅಂಟ್ತು?"

"ಶಿವನಾಣೆ, ಬೇಕಂತ ಮಾಡಿಲ್ಲ!"

ಎರಡು ದಿನ ಅವನು ನನ್ನೊಡನೆ ಊಟಕ್ಕೆ ಕೂರಲಿಲ್ಲ. ಅವನ ಹೆಂಡತಿ ಹೊಸ ಒಲೆಯ ಮಾತೆತ್ತಿದಳೆಂದು ಕೇಳಿ ನನ್ನ ಎದೆ ಒಡೆಯಿತು. ಮೂರನೆಯ ದಿನ ಬಿಸಿನೀರಿನ ಬಟ್ಟಲು ತಂದು ಅವನ ಮುಂದಿಟ್ಟೆ.

"ನೆನಸಿ ಬಿಚ್ಚು. ನೀನಾ ಓದು."

ಅವನು ಬಟ್ಟಲು ಎತ್ತಿದ. ಹಾಗೇ ಕೆಳಗಿಟ್ಟ.

"ಬ್ಯಾಡ. ನಾ ಓದಿದ್ರ ನಿನಗ ಸಂಶಯ, ನೀ ಓದಿದ್ರ ನನಗ."

ಪೆನ್ನು ತೆಗೆದು, ಅಂಟಿದ ಹಾಳೆಗಳ ಅಂಚಿನ ಮೇಲೆ, ಲಕೋಟೆಗೆ ಹಾಕುವಂತೆ, ಅಡ್ಡಲಾಗಿ ಸಹಿ ಹಾಕಿದ. ನನ್ನಿಂದಲೂ ಹಾಕಿಸಿದ. "ಇನ್ನ ಯಾರು ಬಿಚ್ಚಿದ್ರೂ ಗೊತ್ತಾಗತೈತಿ" ಎಂದು ಊಟಕ್ಕೆ ಕುಳಿತ. ಒಲೆ ಉಳಿಯಿತು. ಪುಸ್ತಕ ಸಹಿ ಸಮೇತ ಗ್ರಂಥಾಲಯದ ಬೀರು ಸೇರಿತು.

ಮೊನ್ನೆ ಮೇಡಂ ರಿಜಿಸ್ಟರ್ ತಪಾಸಣೆ ಮಾಡುತ್ತಾ ಕನ್ನಡಕದ ಮೇಲಿಂದ ನನ್ನನ್ನೇ ನೋಡಿದರು.

"ಈ ಪಾಲಿನ ಪುಸ್ತಕಾನ ದಿನಾ ತೆಗೆಯೋರು ನೀವೊಬ್ಬರೇ ಅಲ್ಲೇನ್ರೀ? ಮನೇಲಿ ಏನು ಸಮಾಚಾರ?"

ಬಗ್ಗಿ ನೋಡಿದೆ. ತಿಂಗಳು ಪೂರ್ತಿ, ನಾನು ಚಹಾಕ್ಕೆ ಹೊರಗೆ ಹೋಗುವ ಹೊತ್ತೇ ನಮೂದಾಗಿ, ಸಾಲುಸಾಲಾಗಿ ನನ್ನ ಹೆಸರೇ ಇತ್ತು. ಅಕ್ಷರ ಮಾತ್ರ ತಮ್ಮನದು.